ಪಕ್ಕದ ಹಾಸಿಗೆಗೆ ಮಾಡಿದ ಪ್ರಾರ್ಥನೆ

ಕೊರೊನಾ ಕಾಲ ಮುಗಿದು ಶಾಲೆಗಳು ಮತ್ತೆ ತೆರೆದ ವರ್ಷ ನಡೆದದ್ದು ಇದು. ನಮ್ಮ ರೂತ ಆಗ ಮೂರನೇ ತರಗತಿ. ಮದುವೆಯಾಗಿ ಏಳು ವರ್ಷಕ್ಕೆ ಹುಟ್ಟಿದ ಒಬ್ಬಳೇ ಮಗಳು. ನಾವಿರುವುದು ತಾಂಡೂರಿನಲ್ಲಿ. ನನ್ನ ಯಜಮಾನರು ದೇವದಾನ, ಹಾಸುಗಲ್ಲಿಗೆ ಪಾಲಿಶ್ ಹಾಕುವ ಕಾರ್ಖಾನೆಯಲ್ಲಿ ಮಿಷನ್ ನಡೆಸುತ್ತಾರೆ. ನನ್ನ ತವರು ಬೀದರ್ ಕಡೆ, ನಾನು ಓದಿದ್ದು ಕನ್ನಡ ಶಾಲೆಯಲ್ಲಿ. ರೂತ ಹೋಗುತ್ತಿದ್ದದ್ದು ತೆಲುಗು ಶಾಲೆಗೆ. ಅಂಗಡಿಯಲ್ಲಿ ನಾನು ತಪ್ಪು ತೆಲುಗು ಮಾತಾಡಿದರೆ ಸೆರಗು ಜಗ್ಗಿ ತಿದ್ದುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ಜ್ವರ ಬಂತು. ಗುಳಿಗೆ ಕೊಟ್ಟರೆ ಇಳಿಯುವುದು, ಮತ್ತೆ ಏರುವುದು. ಮೂರನೇ ದಿನ ಬೆಳಿಗ್ಗೆ ತಲೆ ಬಾಚುತ್ತಿದ್ದಾಗ ನನ್ನ ಕೈಯಲ್ಲೇ ಫಿಟ್ಸ್ ಬಂತು. ಸಂಜೆಯೊಳಗೆ ಹೈದರಾಬಾದಿನ ದೊಡ್ಡ ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿದ್ದೆವು. ಮೆದುಳು ಜ್ವರ ಎಂದರು ಡಾಕ್ಟರು. ಔಷಧ ಶುರುವಾಗಿದೆ, ಕೆಲವು ದಿನ ಏನೂ ಹೇಳಲು ಬರುವುದಿಲ್ಲ ಎಂದರು.

ನಾವು ಕ್ರೈಸ್ತರು, ಅಜ್ಜನ ಕಾಲದಿಂದ. ನಮ್ಮ ಚರ್ಚಿನಲ್ಲಿ ಭಾನುವಾರದ ಆರಾಧನೆಯ ನಡುವೆ ಸಾಕ್ಷಿ ಹೇಳುವುದುಂಟು. ಕಾಯಿಲೆ ವಾಸಿಯಾದವರು, ಕಷ್ಟದಿಂದ ಪಾರಾದವರು ಎದ್ದು ನಿಂತು ದೇವರು ತಮಗೆ ಮಾಡಿದ್ದನ್ನು ಎಲ್ಲರ ಮುಂದೆ ಹೇಳುತ್ತಾರೆ. ಎಷ್ಟೋ ಸಾಕ್ಷಿ ಕೇಳಿ ಬೆಳೆದವಳು ನಾನು. ರೂತಳನ್ನು ದೇವರು ಉಳಿಸುತ್ತಾನೆ ಎಂಬುದರಲ್ಲಿ ನನಗೆ ಸಂಶಯವೇ ಇರಲಿಲ್ಲ. ದಿನಕ್ಕೆ ಒಂದು ಹೊತ್ತು ಮಾತ್ರ ಉಂಡೆ. ಮಂಚದ ಪಕ್ಕ ಮೊಣಕಾಲೂರಿ ಪ್ರಾರ್ಥಿಸಿದೆ. ವಾಸಿಯಾದ ಮೇಲೆ ಚರ್ಚಿನಲ್ಲಿ ಏನು ಹೇಳಬೇಕು ಎಂದು ಮನಸ್ಸಿನಲ್ಲೇ ಮಾತು ಜೋಡಿಸಿಟ್ಟುಕೊಂಡಿದ್ದೆ ಕೂಡ.

ಆಸ್ಪತ್ರೆಗೆ ಬಂದ ಎರಡನೇ ದಿನ ಪ್ರಾರ್ಥನೆ ಮುಗಿಸಿ ಕಣ್ಣು ತೆರೆದಾಗ ಪಕ್ಕದ ಮಂಚದ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಹಣೆಯ ತುಂಬ ವಿಭೂತಿ.

"ಅಕ್ಕಾ, ನೀವು ಕನ್ನಡದಾಗ ಬೇಡ್ಕೊಳಾಕತ್ತೀರಿ. ಯಾವೂರ್ರೀ ನಿಮ್ದು?" ಎಂದಳು.

"ತಾಂಡೂರ" ಎಂದೆ.

"ನಮ್ದು ಬಶೀರಾಬಾದ್ ಹತ್ರ ಹಳ್ಳಿರಿ. ಇಲ್ಲಿ ಮೂರು ದಿನ ಆತು, ನಮ್ಮ ಮಾತ ಕಿವಿಗಿ ಬಿದ್ದಿರ್ಲಿಲ್ಲ."

ಅವಳ ಹೆಸರು ಶರಣಮ್ಮ. ಮಗಳು ಅಂಬಿಕಾ, ನಮ್ಮ ರೂತಳ ವಯಸ್ಸಿನವಳೇ. ಅದೇ ಜ್ವರ, ಅದೇ ಔಷಧ. ಅವಳೂ ಎಚ್ಚರವಿಲ್ಲದೆ ಮಲಗಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಶರಣಮ್ಮ ಕೇಳಿದಳು, "ನಮ್ ಪೋರಿಗೂ ಒಂದೀಟು ಪ್ರಾರ್ಥನಾ ಮಾಡ್ರಿ. ನಿಮ್ ದೇವ್ರು ನಮ್ ದೇವ್ರು ಅಂತ ನಾ ನೋಡಂಗಿಲ್ರಿ. ಆಕಿ ಕಣ್ ತೆರದ್ರ ಸಾಕು."

ಇಲ್ಲ ಎನ್ನಲಾಗಲಿಲ್ಲ. ಅಂಬಿಕಾಳ ತಲೆಯ ಮೇಲೆ ಕೈಯಿಟ್ಟು ಎರಡು ಮಾತು ಹೇಳಿದೆ. ನಿಜ ಹೇಳುತ್ತೇನೆ, ನನ್ನ ಕಣ್ಣು ರೂತಳ ಸಲೈನ್ ಬಾಟಲಿಯ ಮೇಲಿತ್ತು. ಆಮೆನ್ ಎಂದು ಬೇಗ ಮುಗಿಸಿ ನನ್ನ ಮಗಳ ಹತ್ತಿರ ಬಂದೆ.

ಆರನೇ ದಿನ ಮಧ್ಯಾಹ್ನ ರೂತ ಕಣ್ಣು ತೆರೆದಳು. ನನ್ನನ್ನು ಗುರುತಿಸಿದಳು. "ಅಮ್ಮಾ, ಹಸಿವ್ಯಾಗ್ಯಾದ. ಚುರುಮುರಿ ಮಾಡಿಕೊಡು" ಎಂದಳು. ಬಾಯಿಗೆ ಏನೂ ಕೊಡಬೇಡಿ ಎಂದು ನರ್ಸ್ ಹೇಳಿದ್ದರು. "ನಾಳಿ ಮಾಡ್ತೀನಿ ಅವ್ವಾ" ಎಂದೆ. ದೇವದಾನ ಹೊರಗೆ ಓಡಿ ಪಾಸ್ಟರಿಗೆ ಫೋನ್ ಮಾಡಿ, ಆಮೇಲೆ ಫೋನನ್ನು ಒಳಗೆ ತಂದು ನನ್ನ ಕಿವಿಗೆ ಹಿಡಿದರು. ಚರ್ಚಿನವರು ಅಲ್ಲಿ ಸೇರಿ ಹಾಡುತ್ತಿದ್ದದ್ದು ಆ ಸಣ್ಣ ಫೋನಿನಲ್ಲಿ ನನಗೆ ಕೇಳಿಸಿತು. ಒಂದು ಗಂಟೆಯ ನಂತರ ರೂತ ಮತ್ತೆ ಕಣ್ಣು ಮುಚ್ಚಿದಳು. ಅದೇ ಕೊನೆ, ಆಮೇಲೆ ಮಾತಾಡಲಿಲ್ಲ.

ಎಂಟನೇ ದಿನ ಅವಳನ್ನು ಐಸಿಯುಗೆ ಒಯ್ದರು. ಅದೇ ದಿನ ಅಂಬಿಕಾ ಎದ್ದು ಕೂತು ಗಂಜಿ ಕುಡಿದಳು.

ಹತ್ತನೇ ದಿನ ನಾನು ಐಸಿಯು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಶರಣಮ್ಮ ಗಂಟು ಹೊತ್ತು, ಅಂಬಿಕಾಳ ಕೈ ಹಿಡಿದು ನಡೆಸಿಕೊಂಡು ಬಂದಳು. ನನ್ನ ಕಾಲು ಮುಟ್ಟಿ, "ಅಕ್ಕಾ, ನೀವು ಕೈ ಇಟ್ರಿ, ನಮ್ಮಾಕಿ ಉಳದಾಳ. ಮನಿಗಿ ಕಳಸ್ಯಾರ. ನಿಮ್ ಕೂಸೂ ಜಲ್ದಿ ಆರಾಮ ಆಗ್ತದ" ಎಂದಳು. ಅಂಬಿಕಾ ನನಗೆ ಕೈ ಬೀಸಿದಳು. ನಾನು ಗೋಡೆಯ ಕಡೆ ಮುಖ ತಿರುಗಿಸಿಕೊಂಡೆ. ಅವರ ಚಪ್ಪಲಿ ಸಪ್ಪಳ ಮೆಟ್ಟಿಲಿಳಿಯುವವರೆಗೆ ಹಾಗೇ ಕೂತಿದ್ದೆ. ಕಾಟಾಚಾರಕ್ಕೆ ಮಾಡಿದ ಪ್ರಾರ್ಥನೆ ಕೇಳಿಸಿತು, ಕರುಳು ಹಿಂಡಿ ಮಾಡಿದ್ದು ಕೇಳಿಸಲಿಲ್ಲವೇ ಎಂದು ಒಳಗೊಳಗೇ ದೇವರೊಡನೆ ಜಗಳಾಡಿದೆ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ರೂತ ಹೋದಳು.

ಮಣ್ಣು ಮಾಡಿ ಬಂದ ದಿನ ಚರ್ಚಿನ ಹಿರಿಯರೊಬ್ಬರು, "ವಿಶ್ವಾಸದಾಗ ಎಲ್ಲೋ ಕಮ್ಮಿ ಬಿದ್ದಿರ್ಬೇಕಮ್ಮ" ಎಂದರು. ದೇವದಾನ ಎಂದೂ ಯಾರಿಗೂ ಎದುರಾಡಿದವರಲ್ಲ. ಅವರು ಎದ್ದು ನಿಂತರು. "ಅಣ್ಣಾ, ಈಕಿ ಹನ್ನೊಂದು ದಿನ ಮೊಣಕಾಲ ಮ್ಯಾಲ ಇದ್ದಳು. ಇದಕ್ಕಿಂತ ಹೆಚ್ಚಿನ ವಿಶ್ವಾಸ ಎಲ್ಲಿ ಸಿಗ್ತದ ಹೇಳ್ರಿ. ಹೋಗಿ ತರ್ತೀನಿ."

ನನಗೆ ಪ್ರಾರ್ಥನೆ ಬಿಟ್ಟುಹೋಯಿತು. ಚರ್ಚಿಗೆ ಹೋಗುತ್ತಿದ್ದೆ, ಆದರೆ ಸಾಕ್ಷಿ ಹೇಳುವ ಹೊತ್ತಿಗೆ ಎದ್ದು ಹೊರಗಿನ ನಲ್ಲಿಯ ಹತ್ತಿರ ನಿಲ್ಲುತ್ತಿದ್ದೆ.

ತೊಗರಿ ರಾಶಿ ಮುಗಿಯುವ ಕಾಲಕ್ಕೆ ಒಂದು ಮಧ್ಯಾಹ್ನ ಬಾಗಿಲಲ್ಲಿ, "ಅಕ್ಕಾ" ಎಂಬ ದನಿ. ಶರಣಮ್ಮ, ಜೊತೆಗೆ ಅಂಬಿಕಾ. ಕಲ್ಲಿನ ಕಾರ್ಖಾನೆಗಳ ಓಣಿಯಲ್ಲೆಲ್ಲ ಕೇಳುತ್ತ ಮನೆ ಹುಡುಕಿದ್ದಳು. ದಾರಿ ತೋರಿಸಿದವರು ಯಾರೂ ವಿಷಯ ಹೇಳಿರಲಿಲ್ಲ. ಹೊಸ ತೊಗರಿಯ ಚೀಲ ಕೆಳಗಿಟ್ಟು, ಹಳದಿ ಬಣ್ಣದ ಒಂದು ಫ್ರಾಕು ಹೊರತೆಗೆದಳು.

"ಅಂಬಿಕಾನ ಅಳತಿಗಿ ತಂದೀನ್ರಿ. ಇಬ್ರೂ ಒಂದೇ ಎತ್ತರ ಅಲ್ಲೇನು? ರೂತ ಎಲ್ಲದಾಳ? ಸಾಲಿಗಿ ಹೋಗ್ಯಾಳೇನು?"

ಗೋಡೆಯ ಮೇಲಿನ ಫೋಟೊ ತೋರಿಸಿದೆ. ಶರಣಮ್ಮ ಫ್ರಾಕನ್ನು ಎದೆಗೊತ್ತಿಕೊಂಡು ಹೊಸ್ತಿಲ ಮೇಲೇ ಕುಸಿದು ಕೂತಳು. ಅಂಬಿಕಾ ತಾಯಿಯನ್ನೂ ನನ್ನನ್ನೂ ನೋಡುತ್ತ ನಿಂತಳು.

ಇಬ್ಬರೂ ಅತ್ತೆವು. ಅತ್ತು ಸಾಕಾದ ಮೇಲೆ ನಾನು ಹೇಳಿಬಿಟ್ಟೆ. "ಆವತ್ತ ನಾ ನಿಮಗ ಮುಖ ಕೊಡ್ಲಿಲ್ಲ. ನಿಮ್ ಮಗಳು ನಡಕೋತ ಹೋಗೋದು ನೋಡಾಕ ಆಗ್ಲಿಲ್ಲ. ಈಕಿ ಬದ್ಲಿ ನಮ್ಮಾಕಿ ಉಳಿಬಾರ್ದಿತ್ತೇನು ಅಂತ ಮನಸಿನ್ಯಾಗ ಅಂದ್ಕೊಂಡೆ. ಮಾಫ್ ಮಾಡ್ರಿ ತಂಗಿ."

ಅವಳು ಫ್ರಾಕನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ಸಣ್ಣ ದನಿಯಲ್ಲಿ, "ಅಕ್ಕಾ, ನಿಮ್ ಕೂಸು ಕಣ್ ತೆರದು ಹಸಿವಿ ಅಂದ ದಿನ ನಮ್ಮಾಕಿಗಿ ಇನ್ನಾ ಎಚ್ಚರ ಇರ್ಲಿಲ್ಲ. ಆವತ್ತ ನಾನೂ ಮನಸಿನ್ಯಾಗ ಹಂಗೇ ಅಂದೀನ್ರಿ. ನನ್ನ ಹೊಟ್ಟಿಕಿಚ್ಚಿಲೇ ಹಿಂಗಾತೇನೋ ಅಂತ ಈಗ ಅಂಜಿಕಿ ಬರಾಕತ್ತದ" ಎಂದಳು.

ನಾನು ಅವಳ ಕೈ ಹಿಡಿದುಕೊಂಡೆ. "ಹಂಗೆಲ್ಲ ಆಗಂಗಿಲ್ಲ. ತಾಯಿ ಸಂಕಟದಾಗ ಅಂದ ಮಾತ ದೇವರು ಲೆಕ್ಕಕ್ಕ ಹಿಡಿಯಂಗಿಲ್ಲ" ಎಂದೆ. ಅಷ್ಟು ತಿಂಗಳಾದ ಮೇಲೆ ದೇವರ ಹೆಸರು ನನ್ನ ಬಾಯಲ್ಲಿ ಬಂದದ್ದು ಆಗಲೇ. ಅವಳನ್ನು ಸಮಾಧಾನ ಮಾಡಲು ಹೇಳಿದ ಮಾತು. ಆದರೆ ಹೇಳಿ ಮುಗಿಸಿದಾಗ ನನ್ನ ಎದೆಯ ಮೇಲಿನ ಭಾರವೂ ಒಂದಿಷ್ಟು ಇಳಿದಿತ್ತು.

ಈಗ ಮತ್ತೆ ಪ್ರಾರ್ಥನೆ ಮಾಡುತ್ತೇನೆ, ಮೊದಲಿನಷ್ಟು ಉದ್ದವಲ್ಲ. ವರ್ಷಕ್ಕೆ ಎರಡು ಮೂರು ಸಲ ಶರಣಮ್ಮ ಬರುತ್ತಾಳೆ, ಇಲ್ಲವೇ ನಾನು ಹೋಗುತ್ತೇನೆ. ಅಂಬಿಕಾ ನನ್ನ ಭುಜದವರೆಗೆ ಬೆಳೆದಿದ್ದಾಳೆ. ನೋಡಿದರೆ ಸಂತೋಷವೂ ಆಗುತ್ತದೆ, ಸಂಕಟವೂ ಆಗುತ್ತದೆ. ಎರಡನ್ನೂ ಶರಣಮ್ಮನ ಮುಂದೆ ಮುಚ್ಚಿಡಬೇಕಾಗಿಲ್ಲ.

ದೇವರು ಯಾಕೆ ಹಾಗೆ ಮಾಡಿದನೋ ನನಗೆ ಇಂದಿಗೂ ಗೊತ್ತಿಲ್ಲ. ಗೊತ್ತು ಎನ್ನುವವರ ಹತ್ತಿರ ನಾನು ಹೆಚ್ಚು ಹೊತ್ತು ಕೂರುವುದಿಲ್ಲ. ಶರಣಮ್ಮನ ಹತ್ತಿರ ಮಾತ್ರ ಎಷ್ಟು ಹೊತ್ತಾದರೂ ಕೂರಬಲ್ಲೆ.