ಅಕ್ಕನ ಮಷಿನ್ ಹಲಗೆ ಕೆಂಪಾದ ದಿನ

ನಾನು ಚಿಕ್ಕವನಿದ್ದಾಗ ನನ್ನ ಮೂಗು ಎಲ್ಲ ಕಡೆಗೂ ನನಗಿಂತ ಮೊದಲೇ ಹೋಗಿ ತಲುಪುತ್ತಿತ್ತು. ಮುಚ್ಚಿದ ಡಬ್ಬಿ ಕಂಡರೆ ತೆರೆಯಬೇಕು, ತೆರೆದ ಡಬ್ಬಿ ಕಂಡರೆ ಬೆರಳು ಅದ್ದಬೇಕು. ಇದು ಏನು, ಅದು ಯಾಕೆ, ಹಾಗೆ ಮಾಡದಿದ್ದರೆ ಏನಾಗುತ್ತದೆ ಎಂದು ಕೇಳಿ ಕೇಳಿ ಎಲ್ಲರ ತಲೆ ತಿನ್ನುತ್ತಿದ್ದೆ. "ಇಂವಾ ಹುಟ್ಟಿದಾಗ ಅಳಲೇ ಇಲ್ಲ, ‘ಯಾಕ?’ ಅಂತ ಕೇಳಿದ" ಎಂದು ಅವ್ವ ನೆರೆಯವರ ಮುಂದೆ ಹೇಳಿ ನಗುತ್ತಿದ್ದಳು.

ಆಗ ನಾವಿದ್ದದ್ದು ಮುಂಬಯಿಯ ವಡಾಲದ ಒಂದು ಚಾಳಿನಲ್ಲಿ. ಎರಡನೆಯ ಮಾಳಿಗೆ, ಒಂದೇ ಖೋಲಿ, ಮುಂದೆ ಉದ್ದನೆಯ ಗ್ಯಾಲರಿ. ಅಪ್ಪ ಧಾರವಾಡದ ಕಡೆಯಿಂದ ಬಂದು ಬಂದರಿನ ಗೋದಾಮಿನಲ್ಲಿ ಗುಮಾಸ್ತರಾಗಿದ್ದರು. ಅಕ್ಕನಿಗೆ ಹದಿನೇಳು ವರ್ಷ, ಮ್ಯಾಟ್ರಿಕ್ ಮುಗಿದಿತ್ತು. ನನಗೆ ಎಂಟು. ಅಕ್ಕನಿಗೆ ಟೇಲರಿಂಗ್ ಕ್ಲಾಸಿಗೆ ಸೇರುವ ಹುಚ್ಚು. ಅಪ್ಪ ಹಳೆಯ ಸಾಮಾನಿನ ಬಜಾರಿನಿಂದ ಅವಳಿಗೊಂದು ಹೊಲಿಗೆ ಮಷಿನ್ ತಂದುಕೊಟ್ಟಿದ್ದರು. ಮಷಿನ್ ಗಟ್ಟಿಯಾಗಿತ್ತು. ಆದರೆ ಅದನ್ನು ಕೂರಿಸಿದ್ದ ಮರದ ಹಲಗೆಯ ಪಾಲಿಶ್ ಹಳೆಯದಾಗಿ, ಕಪ್ಪಾಗಿ, ಮೇ ತಿಂಗಳ ಸೆಕೆಗೆ ಬೆಲ್ಲದ ಪಾಕದ ಹಾಗೆ ಅಂಟುತ್ತಿತ್ತು.

ಮಾಟುಂಗಾದ ಒಬ್ಬ ಅಂಗಡಿಯವರು ಶಾಲೆಯ ಬಿಳಿ ಅಂಗಿ ಹೊಲಿಯುವ ಕೆಲಸ ಕೊಡಲು ಒಪ್ಪಿದ್ದರು. ಅಕ್ಕ ಮಾದರಿಗೆಂದು ಹೊಲಿದುಕೊಟ್ಟ ಮೊದಲ ಅಂಗಿ ವಾಪಸ್ ಬಂತು. ಹೊಲಿಗೆ ಚೆನ್ನಾಗಿದೆ, ಆದರೆ ಕಾಲರಿನ ಹತ್ತಿರ ಕಂದು ಕಲೆ! ಹಲಗೆಯ ಪಾಲಿಶ್ ಅಂಟಿತ್ತು. ಅಪ್ಪ ಖಡಾಖಡಿ ಹೇಳಿಬಿಟ್ಟರು: "ಮೂರು ಡಜನ್ ಅಂಗಿ ಹೊಲಿ. ಒಂದಾದ್ರೂ ವಾಪಸ್ ಬಂತಂದ್ರ ಮಷಿನ್ ಮಾರಿಬಿಡ್ತೀನಿ. ಒಂದೂ ಬರಲಿಲ್ಲಂದ್ರ ಕ್ಲಾಸಿನ ಮಾತು ಆಡೂಣು." ಆ ದಿನ ಅಕ್ಕ ಊಟ ಮಾಡಲಿಲ್ಲ. ಮರುದಿನ ತಾನೇ ಹೋಗಿ ಮರಕ್ಕೆ ಪಾಲಿಶ್ ಹಚ್ಚುವ ಚಾಚಾರನ್ನು ಕರೆದುಕೊಂಡು ಬಂದಳು.

ಚಾಚಾ ವಿಜಯಪುರದವರು, ಆಂಟಾಪ್ ಹಿಲ್‌ನಲ್ಲಿ ಮನೆ. ಕನ್ನಡದೊಳಗೆ ಅವರ ದಖನಿ ಉರ್ದು ಬೆರೆತು ಬರುತ್ತಿತ್ತು. ಅಂದು ಶುಕ್ರವಾರ, ತಲೆಗೆ ಆಗತಾನೇ ತೊಳೆದ ಬಿಳಿ ಟೋಪಿ. ಮಷಿನ್ನಿನ ಕಬ್ಬಿಣದ ಭಾಗವನ್ನು ಎತ್ತಿ ಪಕ್ಕಕ್ಕಿಟ್ಟು ಹಲಗೆಯನ್ನು ಗ್ಯಾಲರಿಯಲ್ಲಿ ಮಲಗಿಸಿದರು. ಆಮೇಲೆ ಚೀಲದಿಂದ ತೆಗೆದದ್ದು ಒಂದು ಒಡೆದ ಗಾಜಿನ ಚೂರು! ಅದರ ಅಂಚಿನಿಂದ ಕರಕರ ಎಂದು ಕೆರೆದರೆ ಹಳೆಯ ಪಾಲಿಶ್ ಕಪ್ಪು ಸುರುಳಿಗಳಾಗಿ ಏಳುತ್ತಿತ್ತು. ನಾನು ಮೂಗು ಹಲಗೆಗೆ ತಾಗುವಷ್ಟು ಬಗ್ಗಿ ಕೂತೆ. ಕೆಳಗಿನಿಂದ ಗೋಧಿ ಬಣ್ಣದ ಸಾಗವಾನಿ ಮರ ಇಣುಕಿತು. ಅಷ್ಟು ಕಪ್ಪಿನ ಅಡಿಯಲ್ಲಿ ಅಷ್ಟು ತಿಳಿಬಣ್ಣ ಎಲ್ಲಿ ಅಡಗಿತ್ತೋ ಎಂದು ನನಗೆ ಬೆರಗು. ಮರಳುಕಾಗದದಿಂದ ಉಜ್ಜಿ ಉಜ್ಜಿ ಅವರು ಅದನ್ನು ನುಣುಪು ಮಾಡಿದರು. ಮುಟ್ಟಿದರೆ ಅವ್ವನ ಕೈಯ ಚಪಾತಿ ಹಿಟ್ಟಿನ ಹಾಗಿತ್ತು.

ಒಂದು ಬಾಟಲಿಯಲ್ಲಿ ಜೇನುಬಣ್ಣದ ನೀರು. ಮುಚ್ಚಳ ತೆರೆದರೆ ದವಾಖಾನೆಯ ಸೂಜಿಮದ್ದಿನ ವಾಸನೆ.

"ಇದು ಏನು ಚಾಚಾ?"

"ಅರಗು, ಬೇಟಾ. ಸ್ಪಿರಿಟ್‌ನ್ಯಾಗ ಕರಗಿಸೇನಿ. ಗಿಡದ ಮ್ಯಾಲಿನ ಹುಳ ಮಾಡ್ತಾವ."

ಹುಳ ಮಾಡಿದ್ದು ಮರಕ್ಕೆ ಹೊಳಪು ಕೊಡುತ್ತದೆಯೇ! ನನ್ನ ಪ್ರಶ್ನೆಗಳು ಸಾಲುಗಟ್ಟಿದವು. ಅಷ್ಟರಲ್ಲಿ ಅರಗು ಎಂಬ ಮಾತು ಒಳಗಿದ್ದ ಅವ್ವನ ಕಿವಿಗೆ ಬಿತ್ತು. ಅವಳು ಓಡಿಬಂದು, "ಅಯ್ಯ ಶಿವನ, ಪುರಾಣದಾಗ ಅರಗಿನ ಮನಿ ಹೆಂಗ ಸುಟ್ಟಿತು ಅನ್ನೂದು ಗೊತ್ತಿಲ್ಲೇನು!" ಎಂದವಳೇ ಸ್ಟೋವ್ ಆರಿಸಿಬಿಟ್ಟಳು. ಚಾಚಾ ನಗಲಿಲ್ಲ. "ಬರೋಬರ್ ಮಾಡಿದ್ರಿ ಬಾಯಾರ, ಸ್ಪಿರಿಟಿಗೆ ಬೆಂಕಿ ದುಶ್ಮನ್" ಎಂದರು. ನಮ್ಮ ಮಧ್ಯಾಹ್ನದ ಸಾರು ಅರ್ಧ ಬೆಂದು ಅಲ್ಲಿಗೇ ನಿಂತಿತು.

ಚಾಚಾ ಹತ್ತಿಯ ಉಂಡೆಯೊಂದನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ಅರಗಿನಲ್ಲಿ ಅದ್ದಿ ಹಿಂಡಿದರು. ಇಂಗ್ಲಿಷ್ ಎಂಟರ ಆಕಾರದಲ್ಲಿ ಕೈ ತಿರುಗಿಸುತ್ತ ಹಲಗೆಯ ಒಂದು ಮೂಲೆಗೆ ಹಚ್ಚಿದರು. ಮೂಲೆ ಫಳಕ್ಕನೆ ಹೊಳೆಯಿತು. "ಅರಿವಿ ಎಷ್ಟು ಮೆತ್ತಗಿರ್ತೈತೋ ಅಷ್ಟು ಚಮಕ್ ಬರ್ತೈತಿ ಬೇಟಾ" ಎಂದರು. ಅಷ್ಟರಲ್ಲಿ ನಮಾಜಿನ ಹೊತ್ತಾಯಿತು. "ಮುಟ್ಟಬ್ಯಾಡ ನೋಡು" ಎಂದು ನನ್ನತ್ತ ಬೆರಳು ಮಾಡಿ ಮೆಟ್ಟಿಲಿಳಿದರು. ಅಕ್ಕ ಅಂಗಿಯ ಬಟ್ಟೆ ತರಲು ಮಾಟುಂಗಾಕ್ಕೆ ಹೋಗಿದ್ದಳು. ಅವ್ವ ಸಂಡಿಗೆ ಮಗುಚಿ ಹಾಕಲು ಚಾಳಿನ ಮೇಲಿನ ಗಚ್ಚಿಗೆ ಹೋದಳು. ಉಳಿದವರು ನಾನು, ಹಲಗೆ ಮತ್ತು ಆ ಬಾಟಲಿ.

ನಾನು ಕೆಟ್ಟವನಲ್ಲ. ಚಾಚಾ ಬರುವಷ್ಟರಲ್ಲಿ ಹಲಗೆ ಪೂರ್ತಿ ಹೊಳೆಯುವಂತೆ ಮಾಡಿ ಶಭಾಶ್ ಅನ್ನಿಸಿಕೊಳ್ಳಬೇಕು ಎಂಬುದಷ್ಟೇ ನನ್ನ ಆಸೆ. ಮೆತ್ತಗಿನ ಬಟ್ಟೆ ಎಲ್ಲಿದೆ ಎಂಬುದೂ ಗೊತ್ತಿತ್ತು. ಕೌದಿ ಹೊಲಿಯಲು ಅವ್ವ ಹಳೆಯ ಸೀರೆಗಳನ್ನು ಗಂಟು ಕಟ್ಟಿ ಮಂಚದ ಕೆಳಗೆ ಇಟ್ಟಿದ್ದಳು. ಒಂದೊಂದಾಗಿ ಕೆನ್ನೆಗೆ ಒತ್ತಿ ನೋಡಿದೆ. ಎಲ್ಲಕ್ಕಿಂತ ಮೆತ್ತಗಿದ್ದದ್ದು ಒಂದು ಇಲಕಲ್ಲ ಸೀರೆಯ ಕೆಂಪು ಸೆರಗು. ಪರ್ ಎಂದು ಹರಿದೆ. ಉಂಡೆ ಕಟ್ಟಿದೆ, ಅದ್ದಿದೆ, ಎಂಟು ತಿರುಗಿಸಿದೆ.

ಮರ ಸ್ವಲ್ಪ ಕೆಂಪಾಯಿತು. ಓಹೋ, ಪಾಲಿಶ್ ಬರುತ್ತಿದೆ ಎಂದುಕೊಂಡೆ! ಇನ್ನಷ್ಟು ಅರಗು ಸುರಿದು ಇನ್ನೂ ಜೋರಾಗಿ ಉಜ್ಜಿದೆ. ಸ್ಪಿರಿಟ್ಟು ಆ ಸೆರಗಿನ ಬಣ್ಣವನ್ನೆಲ್ಲ ಹೀರಿ ತೆಗೆದು ಮರಕ್ಕೆ ಕುಡಿಸುತ್ತಿದೆ ಎಂದು ನನಗೆ ಹೊಳೆಯುವಷ್ಟರಲ್ಲಿ ಅರ್ಧ ಹಲಗೆ ಬೀಟ್‌ರೂಟ್ ಕತ್ತರಿಸಿದ ಹಾಗಾಗಿತ್ತು. ನನ್ನ ಕೈಗಳೂ ಮಣಿಕಟ್ಟಿನವರೆಗೆ ಕೆಂಪು.

ಮೊದಲು ಬಂದದ್ದು ಅಕ್ಕ. ಸೊಂಟದ ಮೇಲೆ ಬಿಳಿ ಬಟ್ಟೆಯ ಗಂಟು. ಹಲಗೆ ನೋಡಿದಳು, ನನ್ನ ಕೈ ನೋಡಿದಳು. ಗಂಟನ್ನು ಕೆಳಗಿಡಲಿಲ್ಲ, ಬಣ್ಣ ಹಾರಿ ಬಂದು ಅಂಟೀತೆಂಬಂತೆ ಅದನ್ನು ಎತ್ತಿ ಎದೆಗವಚಿಕೊಂಡು ಗೋಡೆಗೆ ಒರಗಿದಳು. ಬೈದಿದ್ದರೆ ಸಹಿಸಬಹುದಿತ್ತು. ನನಗೆ ಹೆದರಿಕೆಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಅವಳ ಕ್ಲಾಸನ್ನು ನಾನೇ ಹರಿದುಹಾಕಿದ್ದೆ.

ಗಚ್ಚಿಯಿಂದ ಇಳಿದ ಅವ್ವ, "ಗಣಪ್ಪನ್ನ ಮಾಡಂದ್ರ ಅವರಪ್ಪನ್ನ ಮಾಡಿಟ್ಟೀಯಲ್ಲೋ!" ಎಂದು ಒಳಗಿನಿಂದ ಸೌಟು ತಂದು ಎತ್ತಿದಳು. ಅಷ್ಟರಲ್ಲಿ ಚಾಚಾ ಬಂದರು. ಯಾರು ಮಾಡಿದ್ದು ಎಂದು ಅವರು ಕೇಳಲಿಲ್ಲ, ನನ್ನ ಕೈಗಳೇ ಹೇಳುತ್ತಿದ್ದವು. ಬರೀ ಸ್ಪಿರಿಟ್‌ನಿಂದ ಒರೆಸಿ ನೋಡಿದರು. ಒರೆಸಿದಷ್ಟೂ ಕೆಂಪು ಒಳಗೊಳಗೆ ಇಳಿಯಿತು. "ಮರ ಕುಡದು ಕುಂತೈತಿ" ಎಂದು ನಿಟ್ಟುಸಿರುಬಿಟ್ಟರು.

"ಬಿಳಿ ಅರಿವಿಗೆ ಹತ್ತತೈತೇನು ಚಾಚಾ?" ಅಕ್ಕನ ದನಿ ಕೇಳಿಸಿದ್ದೇ ಕಷ್ಟ.

"ಸುಳ್ಳು ಹೇಳಂಗಿಲ್ಲ ಬೇಟಿ, ನನಗ ಗೊತ್ತಿಲ್ಲ. ಇಲಕಲ್ಲ ಸೀರಿಲೆ ಪಾಲಿಶ್ ಮಾಡಿದವರನ್ನ ನಾನೂ ಇವತ್ತ ನೋಡಿದ್ದು."

ಅವ್ವನ ಸೌಟು ಕೆಳಗಿಳಿಯಿತು. ಅವಳಿಗೆ ನಗು ತಡೆಯಲಾಗಲಿಲ್ಲ. ನನಗಂತೂ ಅಷ್ಟೊಂದು ಭಯದಲ್ಲೂ ಕಿವಿ ನೆಟ್ಟಗಾಯಿತು. ಇಪ್ಪತ್ತು ವರ್ಷ ಇದೇ ಕೆಲಸ ಮಾಡಿದವರಿಗೂ ಗೊತ್ತಿರದ ಸಂಗತಿಯೇ! ಹಾಗಾದರೆ ಅದನ್ನು ತಿಳಿಯುವುದು ಹೇಗೆ?

ಅಕ್ಕ ಕಣ್ಣೊರೆಸಿಕೊಂಡು ಗಂಟನ್ನು ಒಳಗಿಟ್ಟು ಬಂದಳು. "ಅರ್ಧಾ ಕೆಂಪು ಅರ್ಧಾ ಹಳದಿ ಬ್ಯಾಡ. ಪೂರಾ ಕೆಂಪು ಮಾಡೂಣು. ಮ್ಯಾಲೆ ಬರೇ ಅರಗು ಹಚ್ಚಿ ಬಣ್ಣಾ ಹೊರಗ ಬರಲಾರದಂಗ ಕಟ್ಟಿಹಾಕೂಣು. ಆಗತೈತಿಲ್ಲೋ ಚಾಚಾ?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಇಂವನ ಕೈಲೇನ ಮಾಡಸ್ರಿ" ಎಂದಳು.

ಅಂದಿನ ಮಧ್ಯಾಹ್ನವನ್ನು ನನ್ನ ತೋಳುಗಳು ಇನ್ನೂ ಮರೆತಿಲ್ಲ. ಉಳಿದರ್ಧವನ್ನೂ ಅದೇ ಸೆರಗಿನಿಂದ ಕೆಂಪು ಮಾಡಿದೆ. ಒಣಗಿದ ಮೇಲೆ ಧೋತರದ ಉಂಡೆಯಿಂದ ಒಂದು ಕೈ ಅರಗು. ಅದು ಒಣಗಿದ ಮೇಲೆ ಇನ್ನೊಂದು ಕೈ. ಚಾಚಾ ನನ್ನ ಮಣಿಕಟ್ಟು ಹಿಡಿದು, "ಒತ್ತಬ್ಯಾಡ, ಸವರು. ನಿಲ್ಲಿಸಬ್ಯಾಡ, ನಿಂತಲ್ಲೇ ಅಂಟತೈತಿ" ಎಂದು ಕಲಿಸಿದರು. ಉಂಡೆ ಜಾರಲು ನಡುನಡುವೆ ಒಂದೇ ಹನಿ ಎಣ್ಣೆ. ಯಾಕೆ ಒಂದೇ ಹನಿ ಎಂದು ಕೇಳಿದೆ. "ಎರಡು ಹಾಕಿದ್ರ ಏನಾಗತೈತಿ ಅಂತ ನಾಳೆ ಕೇಳು, ಇವತ್ತ ಬ್ಯಾಡ" ಎಂದು ಕೈಮುಗಿದರು. ಗ್ಯಾಲರಿಯ ನೆರೆಯವರೆಲ್ಲ ಸೇರಿದ್ದರು. ಉಪ್ಪುನೀರಿನಿಂದ ತೊಳೆಯಿರಿ ಎಂದು ಒಬ್ಬರು, ನಿಂಬೆಹಣ್ಣು ತಿಕ್ಕಿ ಎಂದು ಇನ್ನೊಬ್ಬರು. ಬಾಯಿ ಎಲ್ಲರದು, ಕೈ ನನ್ನದೊಂದೇ.

ಐದು ಕೈ ಆದ ಮೇಲೆ ಚಾಚಾ ತಲೆಯ ಟೋಪಿ ತೆಗೆದು ಒಂದು ಅಂಚನ್ನು ನೀರಿನಲ್ಲಿ ಅದ್ದಿದರು. "ಬ್ಯಾಡ ಚಾಚಾ, ನಮಾಜಿನ ಟೋಪಿ ಅದು!" ಎಂದು ಅಕ್ಕ ಕೂಗಿದಳು. "ಕೆಲಸ ನಂದು ಬೇಟಿ, ಟೋಪಿನೂ ನಂದ ಇರಲಿ" ಎಂದವರೇ ಅದನ್ನು ಹಲಗೆಗೆ ಒತ್ತಿ ಉಜ್ಜಿ ಎತ್ತಿದರು. ಅಂಚಿನಲ್ಲಿ ಎಳೆಯ ಗುಲಾಬಿ ಬಣ್ಣದ ಗೆರೆ. ಚಾಚಾ ಟೋಪಿಯನ್ನು ಹಾಗೆಯೇ ತಲೆಗೇರಿಸಿ, "ಮತ್ತ ಹಚ್ಚು ಬೇಟಾ" ಎಂದರು. ಮತ್ತೆ ಹಚ್ಚಿದೆ. ಆರು, ಏಳು, ಎಂಟು... ಆಮೇಲೆ ಲೆಕ್ಕ ತಪ್ಪಿತು. ಬಿಸಿಲು ಗ್ಯಾಲರಿಯ ಕಂಬಿ ದಾಟಿ ಹೋಗಿತ್ತು. ಟೋಪಿಯ ಇನ್ನೊಂದು ಅಂಚನ್ನು ಅದ್ದಿ ಉಜ್ಜಿದರೆ ಏನೂ ಇಲ್ಲ.

ಅಷ್ಟಕ್ಕೇ ನಂಬುವವಳಲ್ಲ ನಮ್ಮಕ್ಕ. ಆಫೀಸಿನಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತು ಕೆಂಪು ಹಲಗೆಯನ್ನು ಬಿಟ್ಟ ಕಣ್ಣಿನಿಂದ ನೋಡುತ್ತಿದ್ದರು. ಮಷಿನ್ ಕೂರಿಸಿಯಾಗಿತ್ತು. ಅಕ್ಕ ಅಂಗಡಿಯವರ ಬಟ್ಟೆಯಿಂದಲೇ ಒಂದು ಕಾಲರು ಕತ್ತರಿಸಿ ಹೊಲಿಯಲು ಕೂತಳು. ಸೆಕೆಗೆ ಅವಳ ಮುಂಗೈಯಿಂದ ಬೆವರು ಹನಿಹನಿಯಾಗಿ ಹಲಗೆಗೆ ಬೀಳುತ್ತಿತ್ತು. ಅವಳು ಒರೆಸಲಿಲ್ಲ. ಬೇಕೆಂದೇ ಬಟ್ಟೆಯನ್ನು ಆ ಬೆವರಿನ ಮೇಲೆ ಎಳೆದಳು. ಹೊಲಿದು ಮುಗಿಸಿ ಕಾಲರನ್ನು ಅಪ್ಪನ ಕೈಗಿಟ್ಟಳು. ಅಪ್ಪ ಬೆಳಕಿಗೆ ಹಿಡಿದರು, ತಿರುಗಿಸಿದರು, ಮೂಸಿ ನೋಡಿದರು.

"ವಾಸನಿ ಐತಿ. ಬಣ್ಣ ಇಲ್ಲ" ಎಂದರು.

ಅಕ್ಕ ಬಾಗಿ ನನ್ನ ಎರಡೂ ಕೆಂಪು ಕೈಗಳನ್ನು ಹಿಡಿದುಕೊಂಡು ಜೋರಾಗಿ ಅತ್ತಳು. ಮೂರು ಡಜನ್ ಅಂಗಿಗಳಲ್ಲಿ ಒಂದೂ ವಾಪಸ್ ಬರಲಿಲ್ಲ. ಜೂನ್ ತಿಂಗಳಲ್ಲಿ ಅಕ್ಕ ಕ್ಲಾಸಿಗೆ ಹೋದಳು. ಮೊದಲ ದಿನ ಅವಳನ್ನು ಬಿಟ್ಟುಬರಲು ಹೋದವನು ನಾನೇ.

ಈಗ ನಾನು ಗೋರೆಗಾಂವ್‌ನಲ್ಲಿ ಮಗನ ಫ್ಲ್ಯಾಟಿನಲ್ಲಿದ್ದೇನೆ. ಹೋದ ಭಾನುವಾರ ನನ್ನ ಮೊಮ್ಮಗಳು, ಮೊಮ್ಮಗ ಸೇರಿ ನನ್ನ ಹಳೆಯ ಸ್ಟೂಲಿಗೆ ಬಣ್ಣ ಹಚ್ಚಲು ಹೊರಟರು. ಜೆಲ್ ಸ್ಟೇನ್ ಎಂಬ ಡಬ್ಬಿ ಮನೆ ಬಾಗಿಲಿಗೇ ಬಂತು. ಒಳಗೆ ಶ್ರೀಖಂಡದಷ್ಟು ಗಟ್ಟಿ ಬಣ್ಣ. ಗಾಜಿನಿಂದ ಕೆರೆಯುವ ಕೆಲಸವಿಲ್ಲ, ಹಳೆಯ ಪಾಲಿಶಿನ ಮೇಲೆ ಸ್ವಲ್ಪ ಉಜ್ಜಿ ಹಚ್ಚಿ ಒರೆಸಿದರೆ ಸಾಕಂತೆ. ಕೈಗೆ ಗ್ಲೌಸ್, ಎದುರಿಗೆ ಮೊಬೈಲಿನಲ್ಲಿ ವಿಡಿಯೊ. ನಾನೂ ಕನ್ನಡಕ ಹಾಕಿಕೊಂಡು ನೋಡಿದೆ. ಬಹಳ ಚೆನ್ನಾಗಿ ತೋರಿಸುತ್ತಾರೆ. ಆದರೆ ಆ ವಿಡಿಯೊದ ಮನುಷ್ಯ ಒಂದು ಸಲವೂ ತಪ್ಪು ಮಾಡುವುದಿಲ್ಲ!

ನಮ್ಮವರು ಮಾಡಿದರು. ಒರೆಸುವುದನ್ನು ಮರೆತು ಜಗಳಕ್ಕೆ ಬಿದ್ದರು, ಬಣ್ಣ ಗಟ್ಟಿ ಗಟ್ಟಿಯಾಗಿ ನಿಂತು ಅಂಟಂಟಾಯಿತು. ಸ್ಟೂಲು ವಾಷಿಂಗ್ ಮಷಿನ್ನಿನ ಹಿಂದೆ, ಹಳೆಯ ಚಾದರದಡಿ ಸೇರಿತು. ಏನಾಯಿತು ಎಂದರೆ ಮೊಮ್ಮಗ, "ಕುಛ್ ನಹೀ ಅಜ್ಜಾ, ಸ್ಟೂಲ್ ಕ್ಯಾನ್ಸಲ್. ನಾವು ನ್ಯೂ ಆರ್ಡರ್ ಮಾಡ್ತೇವೆ" ಎಂದ.

ಅವನ ತಪ್ಪೇನಲ್ಲ, ಅವನ ಕಾಲವೇ ಹಾಗಿದೆ. ಒಂದು ಕೆಟ್ಟರೆ ಸಂಜೆಯೊಳಗೆ ಇನ್ನೊಂದು ಬರುತ್ತದೆ. ನಮ್ಮ ಖೋಲಿಯಲ್ಲಿ ಇದ್ದದ್ದು ಒಂದೇ ಹಲಗೆ. ಅಕ್ಕ ಅದನ್ನು ಕ್ಯಾನ್ಸಲ್ ಮಾಡಿದ್ದರೆ ತನ್ನನ್ನೇ ಕ್ಯಾನ್ಸಲ್ ಮಾಡಿಕೊಳ್ಳಬೇಕಿತ್ತು. ನನ್ನನ್ನೂ ಮಾಡಬಹುದಿತ್ತು, ಮಾಡಲಿಲ್ಲ.

ಅದಕ್ಕೇ ಇವತ್ತು ಇಬ್ಬರನ್ನೂ ಕೂರಿಸಿ ಈ ಕಥೆ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ಮೊಮ್ಮಗಳು ಎದ್ದು ಹೋಗಿ ಚಾದರ ಸರಿಸಿ ಸ್ಟೂಲನ್ನು ಎಳೆದು ತಂದಿದ್ದಳು. "ಅಜ್ಜಾ, ಟರ್ಪೆಂಟೈನ್‌ನಲ್ಲಿ ಈ ಅಂಟು ಹೋಗತದಾ?" ಎಂದು ಕೇಳಿದಳು. ಹೋದರೂ ಹೋದೀತು, ಹೋಗದೆಯೂ ಇದ್ದೀತು. ಗ್ಲೌಸ್ ಹಾಕಿಕೊಳ್ಳಿರಿ ಎಂದೆ. ನಾನು ಕುರ್ಚಿ ಎಳೆದುಕೊಂಡು ಅವರ ಹತ್ತಿರ ಕೂತಿದ್ದೇನೆ, ಕೈ ಮಾತ್ರ ಹಚ್ಚುವುದಿಲ್ಲ.