ವಿಜಯಶ್ರೀ ಬರೆದ ಪ್ರೋಗ್ರಾಮ್

ಪ್ರೋಗ್ರಾಮಿಂಗ್ ಎಂದ ಕೂಡಲೇ ಜನರಿಗೆ ಗಾಜಿನ ಕಟ್ಟಡ, ಎ.ಸಿ. ರೂಮು ನೆನಪಾಗುತ್ತದೆ. ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಶೆಡ್ಡುಗಳಲ್ಲಿ ಅದಕ್ಕೆ ಎಣ್ಣೆಯ ವಾಸನೆ. ಅಲ್ಲಿ ಪ್ರೋಗ್ರಾಮಿಂಗ್ ಎಂದರೆ ಕಬ್ಬಿಣ ಕೊರೆಯುವ ಮೆಷಿನ್ನಿಗೆ ಒಂದೊಂದೇ ಹೆಜ್ಜೆ ಬರೆದು ಕೊಡುವುದು: ಇಲ್ಲಿಗೆ ಬಾ, ಇಷ್ಟು ಕೊರೆ, ಹಿಂದೆ ಸರಿ. ಮೆಷಿನ್ನಿಗೆ ಕಣ್ಣಿಲ್ಲ, ಬುದ್ಧಿಯೂ ಇಲ್ಲ. ತಪ್ಪು ಬರೆದರೆ ತಪ್ಪನ್ನೂ ಅಷ್ಟೇ ನಿಷ್ಠೆಯಿಂದ ಮಾಡುತ್ತದೆ.

ಗದಗದ ಕಡೆಯಿಂದ ಬಂದು ಕುರುಬರಹಳ್ಳಿಯಲ್ಲಿ ರೂಮು ಮಾಡಿದ್ದ ವಿಜಯಶ್ರೀ ಇದನ್ನು ಯಾರೂ ಕಲಿಸದೆ ಕಲಿತಳು. ಚನ್ನಕೇಶವ ಅವರ ಶೆಡ್ಡಿನಲ್ಲಿ ಹೆಲ್ಪರ್ ಆಗಿ ಮೂರು ವರ್ಷ ಲೋಹದ ಚೂರು ಗುಡಿಸಿದಳು. ಊಟದ ಹೊತ್ತಿನಲ್ಲಿ ಮೆಷಿನ್ ಪುಸ್ತಕವನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡಳು. 2006ರಲ್ಲಿ ಪಂಪಿನೊಳಗೆ ಕೂರುವ, ನಡುವೆ ತೂತಿರುವ ಬುಷ್ ಎಂಬ ಲೋಹದ ಬಿಡಿಭಾಗಕ್ಕೆ ಅವಳೇ ಪ್ರೋಗ್ರಾಮ್ ಬರೆದಳು. ಒಂಬತ್ತು ನಿಮಿಷದ ಕೆಲಸ ಆರಕ್ಕಿಳಿಯಿತು. ಸೂಪರ್‌ವೈಸರ್ ಕಾಂತರಾಜು ಅದನ್ನು ತನ್ನದೆಂದು ಮಾಲೀಕರಿಗೆ ತೋರಿಸಿ ಪ್ರೋಗ್ರಾಮರ್ ಆದ. ಕೇಳಹೋದವಳಿಗೆ, "ಹೆಲ್ಪರ್ ಬರೆದಿದ್ದು ಅಂದ್ರೆ ಯಾರಮ್ಮ ನಂಬ್ತಾರೆ? ಹೋಗು, ಕಸ ಗುಡಿಸು" ಎಂದ. ಅಂದಿನಿಂದ ಅವಳಿಗೆ ಒಂದೇ ಹಂಬಲ: ಇವನ ಮಾನ ಎಲ್ಲರೆದುರು ಹೋಗಬೇಕು, ಅದನ್ನು ಕಣ್ಣಾರೆ ನೋಡಬೇಕು. ಕೇಡು ಬಯಸಿದಳೇ? ಬಯಸಿದಳು, ಮುಚ್ಚಿಡುವುದೇಕೆ.

ಒಂದು ದಿನ ಪಂಪ್ ಕಂಪನಿಯ ಎಂಜಿನಿಯರ್ ಬಂದು, ಬುಷ್‌ನ ತೂತು ಎರಡು ಮಿಲಿಮೀಟರ್ ದೊಡ್ಡದಾಗಬೇಕು, ಈಗಲೇ ಮಾಡಿ ತೋರಿಸಿ ಎಂದರು. ಕಾಂತರಾಜು ಜಂಬದಿಂದ ಅಂಕಿ ತಿದ್ದಿ, ತೂತು ಕೊರೆಯುವ ಟೂಲ್ ಬದಲಿಸಿ ಹಳೆಯದಕ್ಕಿಂತ ಉದ್ದನೆಯದನ್ನು ಬಿಗಿದ. ಆ ಉದ್ದವನ್ನು ಮೆಷಿನ್ನಿಗೆ ತಿಳಿಸಲಿಲ್ಲ; ತಿಳಿಸದಿದ್ದರೆ ಅದು ಹಳೆಯ ಅಳತೆಯಲ್ಲೇ ಮುಂದೆ ನುಗ್ಗುತ್ತದೆ. ಮೊದಲ ಸಲ ಟೂಲನ್ನು ದೂರವಿಟ್ಟು ಗಾಳಿಯಲ್ಲಿ ಓಡಿಸಿ ನೋಡುವುದು ಶೆಡ್ಡಿನ ಪದ್ಧತಿ. ಬಂದವರೆದುರು ಅದು ಕೀಳೆನಿಸಿ, ಅದನ್ನೂ ಬಿಟ್ಟು ನೇರವಾಗಿ ಮೆಷಿನ್ ಓಡಿಸಿದ.

ವಿಜಯಶ್ರೀಗೆ ಎಲ್ಲ ಕಂಡಿತು. ಮೆಷಿನ್ ನಿಲ್ಲಿಸುವ ಕೆಂಪು ಬಟನ್ ಅವಳ ಪಕ್ಕದಲ್ಲೇ ಇತ್ತು. ಅವಳು ಕೈ ಕಟ್ಟಿಕೊಂಡು ನಿಂತಳು.

ಬುಷ್ ಅನ್ನು ಕಚ್ಚಿ ಹಿಡಿದು ತಿರುಗಿಸುವ ಚಕ್ ಎಂಬ ಹಿಡಿಕೆಗೆ ಟೂಲು ಬಡಿದ ಸದ್ದಿಗೆ ಪಕ್ಕದ ಶೆಡ್ಡಿನವರೂ ಓಡಿ ಬಂದರು. ಮೆಷಿನ್ ಬಾಗಿಲು ಮುಚ್ಚಿದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಎಲ್ಲಿ ತಪ್ಪಾಯಿತು ಎಂದು ಎಂಜಿನಿಯರ್ ಕೇಳಿದರೆ ಕಾಂತರಾಜು ಪರದೆಯ ಮೇಲಿನ ಸಾಲುಗಳನ್ನು ಸುಮ್ಮನೆ ಮೇಲೆ ಕೆಳಗೆ ಸರಿಸತೊಡಗಿದ. ವಿಜಯಶ್ರೀ ಮುಂದೆ ಬಂದು ಸಾಲು ಸಾಲಾಗಿ ವಿವರಿಸಿದಳು. "ಈ ಪ್ರೋಗ್ರಾಮ್ ಬರದಾಕಿ ನಾನರೀ" ಎಂದೂ ಹೇಳಿದಳು.

ಮಾಲೀಕ ಚನ್ನಕೇಶವ ಅವಳನ್ನೇ ನೋಡಿದರು. "ಟೂಲು ಹೊಡೆಯತ್ತೆ ಅಂತ ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತರೀ."

ಸಂಜೆ ಇಬ್ಬರ ಕೆಲಸವೂ ಹೋಯಿತು. ಗೇಟಿನ ಬಳಿ ಕಾಂತರಾಜು ತಡೆದು, "ನಿನ್ನ ಹೊಟ್ಟೆಪಾಡೂ ಹಾಳು ಮಾಡ್ಕೊಂಡ್ಯಲ್ಲಮ್ಮ, ಏನು ಸಿಕ್ತು ನಿನಗೆ?" ಎಂದ.

ಅವನ ಬಾಡಿದ ಮುಖವನ್ನು ಅವಳು ಕಣ್ತುಂಬ ನೋಡಿದಳು.

"ಇದ ಸಿಕ್ತರೀ" ಎಂದಳು.