ಗಂಗರತ್ನಮ್ಮ ಕೇಳುವ ಮೊದಲ ಪ್ರಶ್ನೆ

ಬೆಳಗಿನ ಜಾವ. ಗಾಂಧಿ ಬಜಾರಿನಲ್ಲಿ ಹೂವಿನವರು ಇನ್ನೂ ಬುಟ್ಟಿ ಇಳಿಸುತ್ತಿದ್ದಾರೆ. ಹಿಂದಿನ ಅಡ್ಡರಸ್ತೆಯ ಕಾಂಡಿಮೆಂಟ್ಸ್ ಅಂಗಡಿಯ ಹಿತ್ತಿಲಲ್ಲಿ, ಶೀಟು ಹೊದಿಸಿದ ಅಡುಗೆಮನೆಯೊಳಗೆ, ಗಂಗರತ್ನಮ್ಮ ಒಂದು ಕೆಂಪು ಬಟ್ಟೆಯನ್ನು ಬಾಗಿಲ ಮೊಳೆಗೆ ನೇತುಹಾಕುತ್ತಾರೆ. ಕೊಡುಬಳೆ ಹೊಸೆಯುತ್ತಿದ್ದ ಯುವಕನೊಬ್ಬ ಅದನ್ನು ನೋಡಿ, ಕೈ ಒರೆಸಿಕೊಂಡು, ಹೊರಗೆ ಕರಿಬೇವಿನ ಗಿಡದ ಹತ್ತಿರ ಹೋಗಿ ನಿಲ್ಲುತ್ತಾನೆ. ಆಮೇಲಷ್ಟೇ ಗ್ರೈಂಡರು ಗುಡುಗುತ್ತದೆ. ಮೆಣಸಿನಕಾಯಿ, ಕೊಬ್ಬರಿ ನುಣ್ಣಗಾದ ಮೇಲೆ ಬಟ್ಟೆ ಕೆಳಗಿಳಿಯುತ್ತದೆ. ಯುವಕ ಒಳಗೆ ಬಂದು, “ಅಕ್ಕ, ಹಿಟ್ಟು ಕೊಡಿ” ಎನ್ನುತ್ತಾನೆ.

ಅವನು ಶ್ರೀಹರಿ, ನನ್ನ ಒಡಹುಟ್ಟಿದ ತಮ್ಮ. ಇಪ್ಪತ್ತೆಂಟು ವರ್ಷದಲ್ಲಿ ನನ್ನನ್ನು ಒಂದು ಸಲವೂ ಅಕ್ಕ ಎಂದವನಲ್ಲ. ಕರೆಯಬೇಕಾದರೆ ನನ್ನ ಕೋಣೆಯ ಬಾಗಿಲು ತಟ್ಟಿ “ಊಟ” ಎನ್ನುತ್ತಾನೆ, ಅಷ್ಟೆ. ಹಾಗಾಗಿ ಓದುಗರಿಗೆ ಮೊದಲೇ ಹೇಳಿಬಿಡುತ್ತೇನೆ: ಗಂಗರತ್ನಮ್ಮನವರ ಬಗೆಗಿನ ಈ ಲೇಖನವನ್ನು ಹೊಟ್ಟೆ ಉರಿದುಕೊಂಡೇ ಬರೆಯುತ್ತಿದ್ದೇನೆ. ಅವರ ಮೇಲೆ ಒಂದು ದೂರು ಸಿಕ್ಕಿದ್ದರೆ ಸಂತೋಷದಿಂದ ಬರೆಯುತ್ತಿದ್ದೆ. ಐದು ದಿನ ಕೂತರೂ ಸಿಗಲಿಲ್ಲ.

ಗಂಗರತ್ನಮ್ಮನವರಿಗೆ ಐವತ್ತು ದಾಟಿದೆ. ಮನೆ ಚಾಮರಾಜಪೇಟೆಯಲ್ಲಿ. ಮುಂಚೆ ಅಲ್ಲೇ ಒಂದು ಊದುಬತ್ತಿ ಶೆಡ್ಡಿನಲ್ಲಿ ದುಡಿಯುತ್ತಿದ್ದರು. “ನನಗೆ ಫಿಟ್ಸ್ ಬರುತ್ತೆ ಕಣಮ್ಮ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಮುಚ್ಚಿಟ್ಟಿದ್ದೆ. ಒಂದಿನ ಬಿದ್ದೆ. ಎಲ್ರೂ ಸೇರ್ಕೊಂಡು ಕೈಗೆ ಬೀಗದ ಕೈ ತುರುಕಿದ್ರು, ಮುಖಕ್ಕೆ ನೀರು ಎರಚಿದ್ರು. ಪಾಪ, ಅವ್ರಿಗೇನು ಗೊತ್ತು? ನಾನೇ ಹೇಳಿರ್ಲಿಲ್ವಲ್ಲ. ಮಾರನೇ ದಿನ ಬರಬೇಡ ಅಂದ್ರು.”

೧೯೯೫ರಲ್ಲಿ ಈ ಅಂಗಡಿಯ ಮಾಲೀಕ ಬದರೀನಾರಾಯಣರ ಮುಂದೆ ನಿಂತಾಗ ಗಂಗರತ್ನಮ್ಮ ಆಡಿದ ಮೊದಲ ಮಾತೇ, “ಫಿಟ್ಸ್ ಬರುತ್ತೆ ಸ್ವಾಮಿ, ಒಲೆ ಮುಂದೆ ನನ್ನನ್ನ ನಿಲ್ಲಿಸಬೇಡಿ.” ಮಾಲೀಕರು ಹಿಟ್ಟು ಕಲಸಲು ಕೂರಿಸಿದರು. ಎರಡೇ ವರ್ಷದಲ್ಲಿ ಅಡುಗೆಮನೆಯೇ ಅವರ ಕೈಗೆ ಬಂತು. ಅಂದಿನಿಂದ ಅಲ್ಲಿ ಒಂದು ಪದ್ಧತಿ ನಡೆದುಬಂದಿದೆ. ಹೊಸಬರು ಯಾರೇ ಬರಲಿ, ಹೆಸರಿಗಿಂತ ಮುಂಚೆ ಅವರು ಕೇಳುವುದು, “ನಿನಗೆ ಆಗದ್ದೇನಪ್ಪ?” ಒಬ್ಬರಿಗೆ ಆಗದ್ದನ್ನು ಮಿಕ್ಕವರು ಮಾಡುವಂತಿಲ್ಲ. ಏಕೆ ಆಗದು ಎಂದು ಕೇಳುವಂತೆಯೂ ಇಲ್ಲ.

ಬಾಣಲೆ ನೋಡಿಕೊಳ್ಳುವ ಮುನಿಸ್ವಾಮಿಗೆ ಕಿವಿ ಕೇಳದು. ಹಿಂದಿನಿಂದ ಮುಟ್ಟಿದರೆ ಕಾದ ಎಣ್ಣೆಯ ಮುಂದೆ ಬೆಚ್ಚಿಬೀಳುತ್ತಾರೆ. ಆದ್ದರಿಂದ ಎಲ್ಲರೂ ಸುತ್ತು ಬಳಸಿ ಎದುರಿಗೇ ಹೋಗುತ್ತಾರೆ. ಪೊಟ್ಟಣ ಕಟ್ಟುವ ಸೌಂದರ್ಯಾಗೆ ಅಕ್ಷರಗಳು ಕಣ್ಣೆದುರೇ ಕಲಸಿಹೋಗುತ್ತವೆ. ಡಬ್ಬಗಳಿಗೆ ಚೀಟಿಯ ಬದಲು ದಾರ ಕಟ್ಟಿದೆ, ಕೊಡುಬಳೆಗೆ ಕೆಂಪು, ನಿಪ್ಪಟ್ಟಿಗೆ ಹಳದಿ. ಹೀಗೇ ಒಬ್ಬೊಬ್ಬರದೂ ಒಂದೊಂದು. ದಿನಕ್ಕೆ ನಲವತ್ತು ಕಿಲೋ ತಿಂಡಿ ಹೊರಬೀಳುತ್ತದೆ, ಗೌರಿ ಹಬ್ಬದ ವಾರ ಅದರ ಎರಡರಷ್ಟು.

“ಮೊದಮೊದಲು ನಾನೂ ರೇಗಿದೀನಿ, ಇದೇನು ಅಡುಗೆಮನೆನೋ ಧರ್ಮಛತ್ರನೋ ಅಂತ,” ಎನ್ನುತ್ತಾರೆ ಬದರೀನಾರಾಯಣ. “ಆಮೇಲೆ ನೋಡ್ತೀನಿ, ಪಕ್ಕದ ಅಂಗಡೀಲಿ ತಿಂಗಳಿಗೊಬ್ಬ ಕೆಲಸ ಬಿಡ್ತಾನೆ, ನಮ್ಮಲ್ಲಿ ಒಬ್ಬರೂ ಬಿಟ್ಟಿಲ್ಲ.” ಬಡಾವಣೆಯ ಹಿರಿಯರು ಕೆಲವರು ಈಗಲೂ ದನಿ ತಗ್ಗಿಸಿ, “ಒಳಗೆ ಮಾಡೋರು ಯಾರ್ರೀ?” ಎಂದು ವಿಚಾರಿಸುವುದುಂಟು. “ನಮ್ಮೋರೇ ಸ್ವಾಮಿ” ಎಂದು ಮಾಲೀಕರು ತೂಕ ಹಾಕುತ್ತಾರೆ. ಒಳಗಿನಿಂದ ಗಂಗರತ್ನಮ್ಮ ನಗುವುದು ಕೇಳಿಸುತ್ತದೆ.

ಶ್ರೀಹರಿ ಇಲ್ಲಿ ಸೇರಿದ್ದು ಎರಡು ವರ್ಷದ ಹಿಂದೆ, ಕೊಡುಬಳೆ ಕೊಳ್ಳಲು ಹೋದ ನಮ್ಮಮ್ಮನ ಜೊತೆ ಹೋಗಿ. ಡಾಕ್ಟರು ಆಟಿಸಂ ಎಂದು ಹೆಸರಿಡುವ ತನಕ ನಮ್ಮ ಮನೆಯಲ್ಲಿ ಅವನಿಗೆ ಮೊಂಡ ಎಂದೇ ಹೆಸರಿತ್ತು. ಗಂಗರತ್ನಮ್ಮ ತಮ್ಮ ಪ್ರಶ್ನೆ ಕೇಳಿದಾಗ ಅವನು ನಿಂತ ನಿಲುವಿನಲ್ಲೇ ಎರಡು ಸಂಗತಿ ಹೇಳಿದನಂತೆ. ಹೇಳದೆ ಕೇಳದೆ ಬರುವ ಸದ್ದು ಆಗದು. “ಸ್ವಲ್ಪ” ಎಂಬ ಮಾತು ಆಗದು, ಎಷ್ಟು ಎಂದು ತಿಳಿಯುವುದಿಲ್ಲ. “ಶ್ರೀಹರಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ” ಎಂದೇ ನಾನು ಅವನನ್ನು ಬೆಳೆಸಿದ್ದು. ಗಂಗರತ್ನಮ್ಮ ಅಂದಿನಿಂದ “ಎರಡು ಹಿಡಿ ಉಪ್ಪು”, “ಒಂದು ಲೋಟ ನೀರು” ಎನ್ನುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಾನು ಆ ಗಿಡ.

ಇಂಥವರಲ್ಲಿ ಏನೋ ಅದ್ಭುತ ಪ್ರತಿಭೆ ಇರುತ್ತದಂತೆ ಎಂದು ನಾನು ಕೆದಕುತ್ತೇನೆ. “ಅಂಥದ್ದೇನಿಲ್ಲ. ಕೈ ನಿಧಾನ. ಬಳೆ ಒಂದೊಂದ್ಸಲ ಸೊಟ್ಟ,” ಎನ್ನುತ್ತಾರೆ ಅವರು. “ಆದ್ರೆ ನಾಳೆನೂ ಬರ್ತಾನೆ, ಖುಷಿಯಾಗಿ ಬರ್ತಾನೆ. ಇನ್ನೇನು ಬೇಕು?”

ಮೂರನೆಯ ದಿನ ಮಧ್ಯಾಹ್ನ, ಕಾಫಿ ಲೋಟ ಕೈಗಿಡುತ್ತಾ ಅವರು ನನ್ನನ್ನೂ ಕೇಳುತ್ತಾರೆ. “ಇಷ್ಟು ದಿನದಿಂದ ಕೂತಿದೀರ, ನೀವೂ ನಮ್ಮೋರೇ ಆದ್ರಿ. ನಿಮಗೆ ಆಗದ್ದೇನು, ಹೇಳಿ.”

“ಏನಿಲ್ಲ” ಎನ್ನಬಹುದಿತ್ತು. ನನ್ನ ಬಾಯಿ ಕೇಳಬೇಕಲ್ಲ. “ನನ್ನನ್ನ ಬಿಟ್ಟು ಅವನು ನಿಮ್ಮನ್ನ ಅಕ್ಕ ಅನ್ನೋದು ನನಗೆ ಆಗಲ್ಲ” ಎಂದುಬಿಡುತ್ತೇನೆ.

ಸೌಂದರ್ಯಾ ದಾರ ಕಟ್ಟುವುದನ್ನು ನಿಲ್ಲಿಸುತ್ತಾಳೆ. ಗಂಗರತ್ನಮ್ಮನವರ ಮುಖ ಸಣ್ಣದಾಗುತ್ತದೆ. “ಹೇಳಿದ್ದು ಒಳ್ಳೇದಾಯ್ತು ಬಿಡಿ,” ಎನ್ನುತ್ತಾರೆ. ಶ್ರೀಹರಿ ಗೋಡೆಯ ಕಡೆ ಮುಖ ಮಾಡಿಕೊಂಡು ಕೊಡುಬಳೆ ಹೊಸೆಯುತ್ತಲೇ ಇದ್ದಾನೆ.

ಅವನು ಕೇಳಿಸಿಕೊಂಡಿದ್ದಾನೆಂದು ಗೊತ್ತಾಗುವುದು ಮರುದಿನ. ಕೆಂಪು ಬಟ್ಟೆ ಇಳಿದ ಮೇಲೆ ಒಳಗೆ ಬಂದವನು, “ಹಿಟ್ಟು ಕೊಡಿ” ಎನ್ನುತ್ತಾನೆ. ಅಷ್ಟೇ. ಇಡೀ ದಿನ ಅವನ ಬಾಯಲ್ಲಿ ಅಕ್ಕ ಇಲ್ಲ. ಒಬ್ಬರಿಗೆ ಆಗದ್ದನ್ನು ಅವನು ಮಾಡುವವನಲ್ಲ. ಗೆದ್ದವಳು ನಾನು. ಸಂಜೆ ಮನೆಯಲ್ಲಿ ಕಾದು ಕೂತರೆ, ಅವನು ಬಾಗಿಲು ತಟ್ಟಿ “ಊಟ” ಎನ್ನುತ್ತಾನೆ. ಅವರದೂ ಹೋಯಿತು, ನನಗೂ ಸಿಗಲಿಲ್ಲ.

ಐದನೆಯ ದಿನ ಗಂಗರತ್ನಮ್ಮ ಹಿಟ್ಟಿನ ಕೈಯನ್ನು ಹಾಗೇ ಎತ್ತಿ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳುತ್ತಾರೆ. “ಇಲ್ಲಿಗೆ ಬಂದಾಗ ನಾನು ಒಂದೇ ಹೇಳಿದ್ದು. ಈಗ ಇನ್ನೊಂದು ಸೇರಿಸ್ಕೊಳ್ಳಿ. ಶ್ರೀಹರಿ ಅಕ್ಕ ಅನ್ನದೆ ಇದ್ರೆ ನನಗೆ ಆಗಲ್ಲ.”

ಶ್ರೀಹರಿಯ ಕೈ ನಿಲ್ಲುತ್ತದೆ. ಅರ್ಧ ಬಳೆ ಬೆರಳಲ್ಲೇ ಉಳಿದಿದೆ. “ಹಂಗಾದ್ರೆ ಇಬ್ಬರಿಗೂ ಅನ್ನಬೇಕು,” ಎಂದು ತೀರ್ಮಾನ ಹೇಳಿ, ಬಳೆಯ ಎರಡು ತುದಿ ಕೂಡಿಸಿ ತಟ್ಟೆಗೆ ಹಾಕುತ್ತಾನೆ.

ಅಂದು ರಾತ್ರಿ ಊಟದ ಹೊತ್ತಿಗೆ ನನ್ನ ಬಾಗಿಲ ಮೇಲೆ ಸದ್ದು. “ಅಕ್ಕ,” ಎನ್ನುತ್ತಾನೆ, ಟ್ಯೂಬ್‌ಲೈಟ್ ನೋಡುತ್ತಾ. ಆಮೇಲೆ ಕೇಳುತ್ತಾನೆ, “ಆಯ್ತಾ?” ನನಗೆ ಅಳು ಬರುತ್ತದೆ. “ಆಯ್ತು,” ಎನ್ನುತ್ತೇನೆ. ಅವನು ಊಟಕ್ಕೆ ಹೋಗುತ್ತಾನೆ.

ಬೆಳಿಗ್ಗೆ ಗಂಗರತ್ನಮ್ಮನವರಿಗೆ ಇದನ್ನು ಹೇಳುವಾಗಲೂ ನನಗೆ ಸಮಾಧಾನವಿಲ್ಲ. ನಿಮಗಾದರೆ ಸುಮ್ಮನೆ ಅಕ್ಕ ಅನ್ನುತ್ತಾನೆ, ನನಗೆ ಮಾತ್ರ ಆಯ್ತಾ ಎಂದು ಕೇಳುತ್ತಾನೆ ಎಂದು ಗೊಣಗುತ್ತೇನೆ. ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೆಂಪು ಬಟ್ಟೆ ಕೈಗೆತ್ತಿಕೊಳ್ಳುತ್ತಾರೆ.

“ನನಗೂ ಹಂಗೇ ಕೇಳ್ತಿದ್ದ ಕಣಮ್ಮ. ಎಲ್ರೂ ಅಕ್ಕ ಅಂತಾರಲ್ಲ, ಅವನೂ ಅಂದು, ಆಯ್ತಾ ಅಂತಿದ್ದ. ಅದು ಬಿಟ್ಟುಹೋಗೋಕೆ ಒಂದು ವರ್ಷ ಹಿಡೀತು.”

ನಿಮಗೆ ಇನ್ನೇನು ಆಸೆ ಇದೆ ಎಂದು ಕೊನೆಗೆ ಕೇಳುತ್ತೇನೆ. ಮೊಳೆಗೆ ಬಟ್ಟೆ ಸಿಕ್ಕಿಸಿ, ಶ್ರೀಹರಿ ಹೊರಗೆ ಹೋಗುವ ತನಕ ಅವರು ಕಾಯುತ್ತಾರೆ.

“ನಿಮಗೆ ಆಯ್ತಾ ಅನ್ನೋದನ್ನ ಅದಕ್ಕಿಂತ ಬೇಗ ಬಿಟ್ಬಿಟ್ಟಾನು, ಅಷ್ಟೇ ನನ್ನ ಭಯ,” ಎಂದು ಗ್ರೈಂಡರಿನ ಮೇಲೆ ಕೈಯಿಡುತ್ತಾರೆ. “ಹೊಟ್ಟೆ ನನಗೂ ಉರಿಯುತ್ತೆ.”